ಹಾಡು, ಹಬ್ಬ ಮತ್ತು ಇಂಗ್ಲಿಷ್



ದಸರಾ ಕುರಿತ ಮಾತುಕತೆಯೊಂದರ ಚಿತ್ರೀಕರಣಕ್ಕೆ ಮೈಸೂರಿನ ಒಂದು ಪ್ರೌಢಶಾಲೆಯ ಮಕ್ಕಳನ್ನು ಕರೆಸಿದ್ದೆವು. ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ಹಬ್ಬದ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಪ್ಪ ಎಂದೆ. ‘ದಸರಾ ಈಸ್ ಎ ಫೇಮಸ್ ಫೆಸ್ಟಿವಲ್’ ಎಂದು ಆರಂಭಿಸಿದ. ಬಾಯಿಪಾಠ ಮಾಡಿದ್ದ ಪ್ರಬಂಧದ ಎರಡನೆಯ ವಾಕ್ಯ ನೆನಪಿಗೆ ಬರಲಿಲ್ಲ. ತಲೆ ತಗ್ಗಿಸಿ ನಿಂತುಬಿಟ್ಟ. ಕ್ಯಾಮೆರಾ ನಿಲ್ಲಿಸಿ ಕನ್ನಡದಲ್ಲಿ ಕೇಳಿದೆ. ಆನೆಗಳ ಬೆನ್ನ ಮೇಲೆ ಮರಳಿನ ಮೂಟೆ ಹೊರಿಸಿ ನಡೆಸುವುದೇಕೆ, ಅವುಗಳ ಸಮೀಪ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುವುದೇಕೆ ಎಂಬುದನ್ನೆಲ್ಲ ಐದು ನಿಮಿಷ ಎಡೆಬಿಡದೆ ವಿವರಿಸಿದ.

ಆ ಹುಡುಗನಿಗೆ ವಿಷಯ ಗೊತ್ತಿತ್ತು, ಹೇಳುವ ಉತ್ಸಾಹವೂ ಇತ್ತು. ಆದರೆ ನಾಳೆ ಕಾಲೇಜಿನ ತರಗತಿಯಲ್ಲಿ ಅಧ್ಯಾಪಕರಿಗೆ ಕಾಣುವುದು ಅವನ ತಗ್ಗಿದ ತಲೆ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ನನಗೂ ಆ ತಗ್ಗಿದ ತಲೆಯ ಪರಿಚಯ ಚೆನ್ನಾಗಿಯೇ ಇದೆ. ಆದ್ದರಿಂದ ಈ ಬಾರಿ ಇಂಗ್ಲಿಷ್ ಕಲಿಕೆಯ ಒಂದು ದಾರಿಯ ಬಗ್ಗೆ ನಿಮ್ಮೊಡನೆ ಮಾತನಾಡುತ್ತೇನೆ.

ಪ್ರಯೋಗಾಲಯದಲ್ಲಿ ನಮ್ಮದೊಂದು ನಿಯಮವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದವನ್ನು ಇದ್ದಂತೆಯೇ ಇಡಬೇಕು. ಭಾಷಾ ಕಲಿಕೆಗೂ ಈ ನಿಯಮ ಒಪ್ಪುತ್ತದೆ. ವಿಷಯವೂ ಹೊಸದು, ಭಾಷೆಯೂ ಹೊಸದು ಎಂದಾದರೆ ಮನಸ್ಸು ಎರಡು ಹೊರೆ ಹೊರಬೇಕಾಗುತ್ತದೆ. ವಿಷಯ ಮೊದಲೇ ಗೊತ್ತಿದ್ದರೆ ಒಂದು ಹೊರೆ ಇಳಿದಂತೆ. ನಿಮಗೆ ಬಾಯಿಗೆ ಬರುವ ಹಾಡು, ನೀವು ಕಣ್ಣಾರೆ ಕಂಡ ಹಬ್ಬ, ಇವು ಇಂಗ್ಲಿಷ್ ಕಲಿಯಲು ಸಹಾಯಕವಾಗುವುದು ಈ ಕಾರಣದಿಂದಲೇ.

ನಿಮಗೆ ಈಗಾಗಲೇ ಗೊತ್ತಿರುವ ಇಂಗ್ಲಿಷ್ ಕವಿತೆ

‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯನ್ನು ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಹಾಡಿರುತ್ತೀರಿ. ಇದು ಇಂಗ್ಲಿಷಿನಿಂದ ಬಂದದ್ದು. ಜಾನ್ ಹೆನ್ರಿ ನ್ಯೂಮನ್ ಎಂಬವರು 1833ರಲ್ಲಿ ಸಮುದ್ರಯಾನದಲ್ಲಿದ್ದಾಗ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಕವಿತೆ ಇದರ ಮೂಲ. ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು, ನಮ್ಮ ‘ಬಿ.ಎಂ.ಶ್ರೀ’. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು 1926ರಲ್ಲಿ ಪ್ರಕಟಿಸಿದ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆಯಿತು. ಇಂಗ್ಲಿಷನ್ನು ಆಳವಾಗಿ ಬಲ್ಲವರು ಕನ್ನಡದಿಂದ ದೂರವಾಗಲೇಬೇಕೆಂದಿಲ್ಲ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ಆ ಮೂರು ಪದಗಳ ಶೀರ್ಷಿಕೆಯನ್ನಷ್ಟೇ ನೋಡಿ. ರಜಾ ಅರ್ಜಿಯಲ್ಲಿ ನೀವು ‘ಕೈಂಡ್ಲಿ ಗ್ರಾಂಟ್ ಮಿ ಲೀವ್’ ಎಂದು ಬರೆಯುತ್ತೀರಿ. ಅಲ್ಲಿ ‘ಕೈಂಡ್ಲಿ’ ಎಂದರೆ ‘ದಯವಿಟ್ಟು’, ಅದು ಕ್ರಿಯಾವಿಶೇಷಣ. ಕವಿತೆಯ ಶೀರ್ಷಿಕೆಯಲ್ಲಿ ಅದೇ ಪದ ಬೆಳಕಿನ ಗುಣವನ್ನು ಹೇಳುವ ವಿಶೇಷಣ. ಬಿ.ಎಂ.ಶ್ರೀಯವರು ‘ಕರುಣಾಳು’ ಎಂದದ್ದು ಇದನ್ನರಿತೇ. ‘ಲೀಡ್’ ಎಂದರೆ ಕೈಹಿಡಿದು ನಡೆಸು ಎಂದರ್ಥ. ಆದರೆ ಕನ್ನಡದ ಶೀರ್ಷಿಕೆಯಲ್ಲಿರುವುದು ‘ಬಾ’. ಹೀಗೇಕೆ ಎಂದು ಯೋಚಿಸುತ್ತ ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಅರ್ಥ ಮೊದಲೇ ಕೈಯಲ್ಲಿರುವುದರಿಂದ ನಿಘಂಟು ತೆರೆಯುವ ಮೊದಲೇ ಹಲವು ಪದಗಳು ಬಿಡಿಸಿಕೊಳ್ಳುತ್ತವೆ.

ರಾಗವೂ ಹೀಗೆಯೇ ನೆರವಾಗುತ್ತದೆ. 1963ರ ಆಗಸ್ಟ್ 28ರಂದು ಅಮೆರಿಕದ ವಾಷಿಂಗ್ಟನ್‌ನಲ್ಲಿ ಕರಿಯರ ಹಕ್ಕುಗಳಿಗಾಗಿ ಸೇರಿದ್ದ ಬೃಹತ್ ಸಭೆಯಲ್ಲಿ ‘ವಿ ಶಲ್ ಓವರ್‌ಕಮ್’ ಹಾಡು ಮೊಳಗಿತ್ತು. ಅದರ ರಾಗದಲ್ಲೇ ಹಿಂದಿಯಲ್ಲೂ ಕನ್ನಡದಲ್ಲೂ ಹಾಡುಗಳಿವೆ. ನೀವು ಶಾಲೆಯಲ್ಲಿ ಕೇಳಿರಬಹುದು. ರಾಗವೂ ಗೊತ್ತು, ಭಾವವೂ ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಇಂಗ್ಲಿಷ್ ಪದಗಳನ್ನು ಮಾತ್ರ.

ಲಘು, ಗುರು ಮತ್ತು ಒತ್ತು

ಹಾಡಿನಿಂದ ಇನ್ನೊಂದು ದೊಡ್ಡ ಲಾಭವಿದೆ. ಪಠ್ಯಪುಸ್ತಕ ಓದಿದಾಗ ಅರ್ಥವಾಗುವ ಇಂಗ್ಲಿಷ್, ರೇಡಿಯೋದಲ್ಲಿ ಕೇಳಿದಾಗ ಅರ್ಥವಾಗುವುದಿಲ್ಲ ಎಂದು ನೀವು ದೂರುವುದುಂಟು. ಇದಕ್ಕೆ ಒಂದು ಮುಖ್ಯ ಕಾರಣ ಲಯ.

ಕನ್ನಡ ಛಂದಸ್ಸಿನಲ್ಲಿ ನೀವು ಪ್ರಸ್ತಾರ ಹಾಕಿದ್ದೀರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮಲ್ಲಿ ಲೆಕ್ಕ ಉಚ್ಚಾರದ ಕಾಲದ್ದು, ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನ ಲಯ ನಿಂತಿರುವುದು ಒತ್ತಿನ ಮೇಲೆ. ಒತ್ತು ಬಿದ್ದ ಭಾಗ ಸ್ಪಷ್ಟವಾಗಿ ಮೇಲೇಳುತ್ತದೆ, ಉಳಿದವು ಕುಗ್ಗಿ ಬೇಗ ಸರಿದುಹೋಗುತ್ತವೆ. ‘ಫೋಟೋಗ್ರಾಫ್’ ಎನ್ನುವಾಗ ಒತ್ತು ಮೊದಲ ಭಾಗಕ್ಕೆ. ‘ಫೊಟಾಗ್ರಫರ್’ ಎನ್ನುವಾಗ ಎರಡನೆಯದಕ್ಕೆ. ‘ಫೋಟೊಗ್ರಾಫಿಕ್’ ಎನ್ನುವಾಗ ಮೂರನೆಯದಕ್ಕೆ. ಒತ್ತು ಜರುಗಿದಂತೆ ಸ್ವರಗಳೂ ಬದಲಾಗುತ್ತವೆ.

ಒಂದು ಸಣ್ಣ ಪ್ರಯೋಗ ಮಾಡಿ. ಡೋಲಿನ ಸದ್ದನ್ನು ನೆನೆದು ಈ ಮೂರು ವಾಕ್ಯಗಳನ್ನು ಚಪ್ಪಾಳೆಯೊಂದಿಗೆ ಹೇಳಿ.

ಡ್ರಮ್ಸ್ ಬೀಟ್ ಲೌಡ್ಲಿ.
ದ ಡ್ರಮ್ಸ್ ಆರ್ ಬೀಟಿಂಗ್ ಲೌಡ್ಲಿ.
ದ ಡ್ರಮ್ಸ್ ಹ್ಯಾವ್ ಬಿನ್ ಬೀಟಿಂಗ್ ಲೌಡ್ಲಿ.

ಚಪ್ಪಾಳೆ ಬೀಳಬೇಕಾದದ್ದು ‘ಡ್ರಮ್ಸ್’, ‘ಬೀಟ್’, ‘ಲೌಡ್’ ಎಂಬ ಮೂರು ಕಡೆ ಮಾತ್ರ. ವಾಕ್ಯ ಬೆಳೆದರೂ ಚಪ್ಪಾಳೆ ಮೂರೇ. ನಡುವಿನ ‘ಆರ್’, ‘ಹ್ಯಾವ್ ಬಿನ್’ ಇರುವ ಜಾಗದಲ್ಲೇ ಒತ್ತರಿಸಿಕೊಂಡು ಕೂರುತ್ತವೆ. ಉಪಕರಣದಿಂದ ಅಳೆದು ನೋಡಿದರೆ ಈ ಒತ್ತುಗಳ ನಡುವಿನ ಕಾಲ ಕರಾರುವಾಕ್ಕಾಗಿ ಸಮನಿರುವುದಿಲ್ಲ ಎಂಬುದೂ ನಿಜ. ಆದರೂ ಇಂಗ್ಲಿಷಿನ ನಡಿಗೆ ಇದೇ ಎಂದು ಕಿವಿಗೆ ಗೊತ್ತಾಗುತ್ತದೆ. ಮಾತಿನಲ್ಲಿ ಹಿಡಿಯಲು ಕಷ್ಟವಾದ ಈ ಏರಿಳಿತವನ್ನು ಹಾಡಿನಲ್ಲಿ ತಾಳವೇ ಕಲಿಸಿಕೊಡುತ್ತದೆ. ಸಾಮಾನ್ಯವಾಗಿ ಹಾಡಿನ ಪೆಟ್ಟು ಬೀಳುವುದು ಒತ್ತಿರುವ ಅಕ್ಷರದ ಮೇಲೆಯೇ.

ಹಬ್ಬವೇ ಪಾಠ

ಇನ್ನು ಹಬ್ಬಕ್ಕೆ ಬರೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಬಗ್ಗೆ ಪ್ರಬಂಧ ಬರೆಯದ ಮೈಸೂರಿನ ವಿದ್ಯಾರ್ಥಿ ಇಲ್ಲ. ಆದರೆ ಆ ಪ್ರಬಂಧಗಳಲ್ಲಿ ನೀವು ಕಂಡ ದಸರಾ ಇರುವುದಿಲ್ಲ, ಗೈಡಿನ ದಸರಾ ಇರುತ್ತದೆ. ಇದನ್ನು ತಿರುಗಿಸಿ ನೋಡಿ.

ಹಬ್ಬಕ್ಕೆ ಮುನ್ನ ಮುಂದಾಗುವುದನ್ನು ಬರೆಯಿರಿ: ‘ದಿ ಎಲಿಫೆಂಟ್ಸ್ ವಿಲ್ ಅರೈವ್.’ ಹಬ್ಬದ ದಿನ ಕಣ್ಣೆದುರಿನದನ್ನು ಹೇಳಿ: ‘ದಿ ಎಲಿಫೆಂಟ್ಸ್ ಆರ್ ವಾಕಿಂಗ್.’ ಮರುದಿನ ನಡೆದುಹೋದದ್ದನ್ನು ಹೇಳಿ: ‘ದಿ ಎಲಿಫೆಂಟ್ಸ್ ವಾಕ್ಡ್ ಟು ಬನ್ನಿಮಂಟಪ.’ ಮೂರು ಕಾಲಗಳೂ ಕ್ಯಾಲೆಂಡರಿನ ಮೇಲೆಯೇ ಸಿಕ್ಕವು. ಮನೆಯಲ್ಲಿ ಗೊಂಬೆ ಕೂರಿಸಿದ್ದರೆ ಯಾವ ಗೊಂಬೆ ಯಾವ ಮೆಟ್ಟಿಲ ಮೇಲೆ, ಯಾವುದರ ಪಕ್ಕದಲ್ಲಿ, ಯಾವುದರ ಹಿಂದೆ ಇದೆ ಎಂದು ಹೇಳಿ. ‘ಆನ್’, ‘ಬಿಸೈಡ್’, ‘ಬಿಹೈಂಡ್’ ಎಂಬ ಪದಗಳು ವ್ಯಾಕರಣದ ಪಟ್ಟಿಯಿಂದ ಇಳಿದು ಮೆಟ್ಟಿಲ ಮೇಲೆ ಬಂದು ಕೂರುತ್ತವೆ.

ಆರಂಭದಲ್ಲಿ ಹೇಳಿದ ಹುಡುಗನೊಡನೆ ನಾವು ಮಾಡಿದ್ದೂ ಇಷ್ಟೇ. ಪ್ರಬಂಧ ಬಿಡು, ಮರಳಿನ ಮೂಟೆಯ ವಿಷಯ ಹೇಳು ಎಂದೆವು. ಎರಡು ಪದಗಳನ್ನು ನಾವು ಒದಗಿಸಿದೆವು, ಉಳಿದದ್ದು ಅವನದೇ. ಚಿನ್ನದ ಅಂಬಾರಿಯ ತೂಕ 750 ಕಿಲೋ, ಅದಕ್ಕೇ ಆನೆ ಮೊದಲು ಮರಳು ಹೊತ್ತು ಅಭ್ಯಾಸ ಮಾಡುತ್ತದೆ ಎಂಬುದನ್ನು ‘ಬಿಕಾಸ್’ ಸೇರಿಸಿ ಹೇಳಿದ. ತಪ್ಪುಗಳಿದ್ದವು, ನಿಜ. ಆದರೆ ತಲೆ ಮೇಲಿತ್ತು.

‘ಜಂಬೂ ಸವಾರಿ’ಗೆ ಇಂಗ್ಲಿಷಿನಲ್ಲಿ ಏನನ್ನುವುದು ಎಂದು ನೀವು ಕೇಳಬಹುದು. ಇದಕ್ಕೆ ಮೈಸೂರಿನ ಇಬ್ಬರು ಹಿರಿಯರು ಎರಡು ದಾರಿ ತೋರಿಸಿದ್ದಾರೆ. ಆರ್.ಕೆ. ನಾರಾಯಣ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿ, 1926ರಲ್ಲಿ ತೇರ್ಗಡೆಯಾಗಿ ಮಹಾರಾಜ ಕಾಲೇಜು ಸೇರಿದವರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಿಂದ ಇಂಗ್ಲಿಷ್ ಓದುಗರಿಗೆ ಮಾಲ್ಗುಡಿಯನ್ನು ಪರಿಚಯಿಸಿದರು. ‘ಜಟಕಾ’, ‘ಧೋತಿ’ ಮೊದಲಾದ ಪದಗಳನ್ನು ಅವರು ಇಂಗ್ಲಿಷಿನಲ್ಲೂ ಹಾಗೆಯೇ ಉಳಿಸಿಕೊಂಡರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ವಚನಗಳನ್ನು ಅನುವಾದಿಸುವಾಗ (‘ಸ್ಪೀಕಿಂಗ್ ಆಫ್ ಶಿವ’, 1973) ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಹಾಗೆಯೇ ಇಡದೆ, ನದಿಗಳು ಕೂಡುವೆಡೆಯ ಒಡೆಯ ಎಂಬ ಅರ್ಥ ಬರುವಂತೆ ಬಿಡಿಸಿದರು. ನೀವೂ ಪದವನ್ನು ಉಳಿಸಿ ಪಕ್ಕದಲ್ಲೇ ವಿವರಿಸಬಹುದು, ಇಲ್ಲವೇ ಅದರ ಅರ್ಥವನ್ನೇ ಬಿಡಿಸಿ ಹೇಳಬಹುದು. ನಮ್ಮ ಹಬ್ಬಗಳಿಂದ ಇಂಗ್ಲಿಷ್ ಪದ ಪಡೆದದ್ದೂ ಉಂಟು. ತಡೆಯಲಾಗದ ಭಾರಿ ಶಕ್ತಿಗೆ ಅವರು ‘ಜಗರ್‌ನಾಟ್’ ಎನ್ನುತ್ತಾರೆ. ಅದು ಪುರಿಯ ಜಗನ್ನಾಥನ ರಥದಿಂದ ಬಂದ ಪದ.

ಗೊತ್ತಿಲ್ಲದವರಿಗೆ ಹೇಳಿ

ಗೊತ್ತಿರುವ ವಿಷಯವನ್ನು ಗೊತ್ತಿರುವವರಿಗೇ ಹೇಳಿದರೆ ಅದು ಒಪ್ಪಿಸುವುದಾಗುತ್ತದೆ, ಮಾತಾಗುವುದಿಲ್ಲ. 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿ ಮಾಡಿಕೊಂಡು ಎನ್.ಎಸ್. ಪ್ರಭು ಮತ್ತು ಸಂಗಡಿಗರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾ ಶಿಕ್ಷಕರ ಜಗತ್ತಿನಲ್ಲಿ ಅದು ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ವ್ಯಾಕರಣದ ಪಾಠಕ್ಕೆ ಬದಲು ವೇಳಾಪಟ್ಟಿ, ನಕ್ಷೆ ಮೊದಲಾದವುಗಳನ್ನು ಕೊಟ್ಟು, ಅವುಗಳ ಮೇಲಿನ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದ ಮೇಲೆ ನೆಟ್ಟಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. ಅವರು ಬಳಸಿದ್ದು ಹಾಡು, ಹಬ್ಬಗಳನ್ನಲ್ಲ. ಆದರೆ ತತ್ತ್ವ ನಮಗೂ ಸಲ್ಲುತ್ತದೆ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದೆ ಇದ್ದಾಗಲೇ ಮಾತಿಗೆ ಕಾರಣ ಹುಟ್ಟುತ್ತದೆ.

ನಿಮ್ಮ ತರಗತಿಯಲ್ಲೇ ಈ ಕಾರಣ ಬೇಕಾದಷ್ಟಿದೆ. ನಂಜನಗೂಡಿನ ಗೆಳೆಯ ದೊಡ್ಡ ಜಾತ್ರೆಯ ಐದು ತೇರುಗಳ ಬಗ್ಗೆ ಹೇಳಲಿ. ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಗೆಳತಿ ಕ್ರಿಸ್‌ಮಸ್ ಗೀತೆಗಳ ಬಗ್ಗೆ ಹೇಳಲಿ. ರಂಜಾನ್ ಉಪವಾಸ ಮಾಡುವವರು ಸಂಜೆಯ ಇಫ್ತಾರ್ ಬಗ್ಗೆ ಹೇಳಲಿ. ಕೇಳುವವರು ‘ವೈ’, ‘ಹೌ’, ‘ವೆನ್’ ಎಂದು ನಿಜವಾದ ಪ್ರಶ್ನೆ ಕೇಳಲಿ. ಇಂಗ್ಲಿಷಿನ ಜೊತೆಗೆ ಪಕ್ಕದ ಬೆಂಚಿನವರ ಮನೆಯೂ ಪರಿಚಯವಾಗುತ್ತದೆ.

ಇಷ್ಟೇ ಸಾಕೇ?

ಸಾಲದು. ಪ್ರಾಸಕ್ಕಾಗಿ ಹಾಡುಗಳು ವಾಕ್ಯದ ಕ್ರಮವನ್ನು ಬದಲಿಸುತ್ತವೆ, ಹಳೆಯ ಪದಗಳನ್ನು ಬಳಸುತ್ತವೆ. ಸಿನಿಮಾ ಹಾಡುಗಳಂತೂ ವ್ಯಾಕರಣವನ್ನು ಲೆಕ್ಕಿಸುವುದೇ ಇಲ್ಲ. ಹಾಡಿನಲ್ಲಿ ಕಂಡದ್ದನ್ನೆಲ್ಲ ಪರೀಕ್ಷೆಯಲ್ಲಿ ಬರೆಯಬೇಡಿ. ರಸಾಯನಶಾಸ್ತ್ರದ ವರದಿ ಬರೆಯಲು ಹಬ್ಬದ ಪದಗಳೂ ಸಾಲವು. ಅದಕ್ಕೆ ನಿತ್ಯದ ಓದು ಬೇಕೇ ಬೇಕು. ಆದರೆ ಮೊದಲ ಮಾತು ಹೊರಡದ ಹೊರತು ಮುಂದಿನದು ಯಾವುದೂ ನಡೆಯುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ ನೋಡಿ. ನೀವು ಕಣ್ಣಾರೆ ಕಂಡ, ಗೈಡಿನಲ್ಲಿ ಇಲ್ಲದ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ಬೇವು-ಬೆಲ್ಲವನ್ನು ನಿಮ್ಮಜ್ಜಿ ಹೇಗೆ ಬೆರೆಸುತ್ತಾರೆ ಎಂಬುದಾದರೂ ಆದೀತು. ಅದನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಒತ್ತು ಬೀಳುವ ಕಡೆ ಚಪ್ಪಾಳೆ ತಟ್ಟಿ ಗಟ್ಟಿಯಾಗಿ ಓದಿ, ಅದು ಗೊತ್ತಿಲ್ಲದ ಒಬ್ಬರಿಗೆ ಹೇಳಿ. ಅವರು ಒಂದು ಪ್ರಶ್ನೆ ಕೇಳಿದರೆ ನಿಮ್ಮ ಇಂಗ್ಲಿಷ್ ಅವರನ್ನು ಮುಟ್ಟಿದೆ ಎಂದೇ ತಿಳಿಯಿರಿ.