ಕೂದಲೆಳೆಯ ಲೆಕ್ಕಕ್ಕೆ ಲೇತಿಗೊಂದು ಕಣ್ಣು

ಸವಣೂರು: ಅಡಿಕೆಗೆ ಮದ್ದು ಬಿಡುವ ಹೊತ್ತಿಗೇ ಪಂಪು ಕೈಕೊಟ್ಟರೆ ತೋಟದವರ ಪಾಡು ಕೇಳುವುದೇ ಬೇಡ. ಸವೆದ ಶಾಫ್ಟು ಚೀಲಕ್ಕೆ ಹಾಕಿಕೊಂಡು ಪುತ್ತೂರಿನ ಬಸ್ಸು ಹತ್ತಬೇಕು, ಲೇತಿನ ಮುಂದೆ ಕಾದು ನಿಲ್ಲಬೇಕು. ಅಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ತೆಗೆದರೂ ಮುಗಿಯಿತು: "ಬೇರಿಂಗ್ ಕೂತುಕೊಳ್ಳುದಿಲ್ಲ ಮಾರಾಯ್ರೆ!"

ಕೂದಲೆಂದರೆ ಸುಮಾರು 70 ಮೈಕ್ರಾನ್. 1000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಶಾಫ್ಟು ತಿರುಗುವುದರಿಂದ ಟೂಲು ಒಂದು ಪಾಲು ಒಳಗೆ ಹೋದರೆ ದಪ್ಪ ಎರಡು ಪಾಲು ಇಳಿಯುತ್ತದೆ. ಹಳೆ ಲೇತಿನಲ್ಲಿ ಈ ಲೆಕ್ಕ ಹ್ಯಾಂಡಲಿನ ಗೆರೆಯಲ್ಲಿ. ಆದರೆ ಸ್ಕ್ರೂ, ನಟ್ಟು ಸವೆದಿದ್ದರೆ ಹ್ಯಾಂಡಲು ತಿರುಗುತ್ತದೆ, ಟೂಲು ಕದಲುವುದಿಲ್ಲ!

ಇದಕ್ಕೆ ಮದ್ದು ಗಾಜಿನ ಸ್ಕೇಲು. ಪಟ್ಟಿಯ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೊಂದರಂತೆ ಗೆರೆ. ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕು ಹಿಡಿಯುವ ಕಣ್ಣು. ಯಂತ್ರ ಸರಿದಂತೆ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಅದನ್ನು ಎಣಿಸಿ, ಇನ್ನೂ ಸಣ್ಣದಾಗಿ ಭಾಗಿಸಿ, ಡಬ್ಬಿಯಲ್ಲಿ ಅಂಕಿ ಮೂಡುತ್ತದೆ. ಕಾಲು ಗೆರೆ ಅಂತರದಲ್ಲಿ ಎರಡನೇ ಕಣ್ಣೂ ಉಂಟು. ಯಾವುದು ಮೊದಲು ಬೆಳಕು ಕಂಡಿತೆಂಬುದರ ಮೇಲೆ ಹೋದದ್ದು ಹಿಂದಕ್ಕೋ ಮುಂದಕ್ಕೋ ಗೊತ್ತಾಗುತ್ತದೆ. ಸ್ಕೇಲು ಸರಿಯುವ ಭಾಗವನ್ನೇ ಅಳೆಯುವುದರಿಂದ ಸ್ಕ್ರೂವಿನ ಸವೆತ ಲೆಕ್ಕ ಕೆಡಿಸದು.

ಮಳೆಗಾಲದಲ್ಲಿ ಕರೆಂಟು ಹೋದರೆ? ಎಣಿಸುವ ಸ್ಕೇಲಿಗೆ ಆಗ ಕಣ್ಣು ಕಾಣದು. ಆ ಹೊತ್ತಿನಲ್ಲಿ ಯಂತ್ರ ಕದಲಿದರೆ ಪಟ್ಟಿಯ ಗುರುತು ಮುಟ್ಟಿಸಿ ಮತ್ತೆ ಲೆಕ್ಕ ಹಿಡಿಯಬೇಕು. ದುಬಾರಿ ಸ್ಕೇಲಿನಲ್ಲಿ ಒಂದೊಂದು ಜಾಗಕ್ಕೂ ಬೇರೆ ಬೇರೆ ಗುರುತಿನ ಸಾಲು. ಕರೆಂಟು ಬಂದೊಡನೆ ಎಲ್ಲಿದ್ದೇನೆಂದು ಹೇಳಿಬಿಡುತ್ತದೆ.

ನಮ್ಮ ರಾಜ್ಯಕ್ಕೆ ಯಂತ್ರ ಮಾಡುವ ಯಂತ್ರಗಳು ಹೊಸತಲ್ಲ. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿದ್ದು 1953ರಲ್ಲಿ, ಸಂಶೋಧನೆಗೆಂದೇ ಸಿ.ಎಂ.ಟಿ.ಐ. ಬಂದದ್ದು 1962ರಲ್ಲಿ. ಕಂಪ್ಯೂಟರು ನಡೆಸುವ ಸಿ.ಎನ್.ಸಿ. ಯಂತ್ರಕ್ಕಂತೂ ಸಾಮಾನ್ಯವಾಗಿ ಸ್ಥಾನ ಹೇಳುವ ಕಣ್ಣು ಬೇಕು. ಹೋಗೆಂದ ಜಾಗಕ್ಕೆ ಟೂಲು ಹೋಯಿತೇ ಎಂದು ಅದು ಕ್ಷಣಕ್ಷಣವೂ ನೋಡಿಕೊಳ್ಳುತ್ತಿರಬೇಕು.

ಹಾಗೆಂದು ಡಬ್ಬಿಯ ಅಂಕಿಯೇ ವೇದವಾಕ್ಯವಲ್ಲ. ಟೂಲಿನ ಮೊನೆ ಸವೆದದ್ದು ಸ್ಕೇಲಿಗೆ ಕಾಣುವುದಿಲ್ಲ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಎಣ್ಣೆ, ಧೂಳು ಗಾಜಿಗೆ ಕೂತರೆ ಎಣಿಕೆಯೇ ತಪ್ಪೀತು. ಆದ್ದರಿಂದ ಶಾಫ್ಟು ಕಟ್ಟಿ ಕೊಡುವ ಮೊದಲು ಮೈಕ್ರೋಮೀಟರ್ ಹಾಕಿ ನೋಡುವ ಲೇತಿನವನೇ ತೋಟದವರಿಗೆ ಇನ್ನೊಂದು ಸಲದ ಬಸ್ಸಿನ ಖರ್ಚು ಉಳಿಸುವವನು.