ಬಂಡೆಯಲ್ಲಿ ದೊಣೆಯೂ ಒರಳೂ

ಅಮರಸಿಂಹನು ರಂಧ್ರ, ವಿವರ, ಬಿಲ, ಕುಹರ ಮುಂತಾದ ಶಬ್ದಗಳನ್ನು ಪಾತಾಳವರ್ಗದಲ್ಲಿ ಪರ್ಯಾಯಪದಗಳಾಗಿ ಹೇಳಿರುವನು. ಕನ್ನಡದಲ್ಲಾದರೋ ಬಂಡೆಯ ಮೇಲೆ ತಾನಾಗಿ ಉಂಟಾಗಿ ನೀರು ನಿಲ್ಲುವ ತಗ್ಗಿಗೆ ದೊಣೆಯೆಂದೂ, ಕುಟ್ಟುವುದಕ್ಕಾಗಿ ಮನುಷ್ಯರು ಮಾಡಿದ ಗುಳಿಗೆ ಒರಳೆಂದೂ ಹೆಸರು. ಈ ಭೇದವು ಕೇವಲ ನಿಘಂಟಿನ ವಿಷಯವಲ್ಲ. ಕೋಲಾರದ ಚಿನ್ನದ ಸೀಮೆಯಲ್ಲಿ ಪ್ರಾಚೀನರ ಕೆಲಸದ ಗುರುತನ್ನು ಅರಸುವವರು ದೊಣೆಯನ್ನು ಒರಳೆಂದು ಭ್ರಮಿಸಿದರೆ ಇಲ್ಲದ ಚರಿತ್ರೆಯನ್ನು ಕಲ್ಪಿಸಿದಂತಾಗುವುದು. ಒರಳನ್ನು ದೊಣೆಯೆಂದು ಕಡೆಗಣಿಸಿದರೆ ಇದ್ದ ಚರಿತ್ರೆಯೂ ಲೋಪವಾಗುವುದು.

ಬಂಗಾರಪೇಟೆಯ ಸುತ್ತಲಿನ ಬಂಡೆಗಳು ಬಹುಮಟ್ಟಿಗೆ ಗ್ರಾನೈಟಿಗೆ ಸಮೀಪವಾದ ನೈಸ್ ಎಂಬ ಶಿಲೆಯವು. ಬೆಣಚು, ಫೆಲ್ಸ್‌ಪಾರ್, ಅಭ್ರಕಗಳು ಇದರ ಮುಖ್ಯ ಘಟಕಗಳು. ಮಳೆಯ ನೀರು ಗಾಳಿಯಲ್ಲಿನ ಇಂಗಾಲದ ಅನಿಲವನ್ನು ಹೀರಿ ಕಿಂಚಿತ್ ಆಮ್ಲಗುಣವನ್ನು ಪಡೆಯುವುದು. ಅದು ಬಂಡೆಯ ಸಣ್ಣ ತಗ್ಗಿನಲ್ಲಿ ನಿಂತರೆ ಫೆಲ್ಸ್‌ಪಾರ್ ಕ್ರಮೇಣ ಜೇಡಿಯಾಗುವುದು. ಕರಗದ ಬೆಣಚಿನ ಹರಳುಗಳು ಹಿಡಿತ ತಪ್ಪಿ ಮರಳಾಗುವುವು. ಇವನ್ನು ಗಾಳಿಯೂ ಮಳೆಯೂ ಹೊರಕ್ಕೆ ಒಯ್ಯುವುವು. ತಗ್ಗು ಹಿಗ್ಗಿದಷ್ಟೂ ನೀರು ಹೆಚ್ಚು ದಿನ ನಿಲ್ಲುವುದು, ನೀರು ನಿಂತಷ್ಟೂ ತಗ್ಗು ಹಿಗ್ಗುವುದು. ದೊಣೆಯ ಹುಟ್ಟು ಹೀಗೆ. ನದೀಪಾತ್ರದಲ್ಲಿ ಕಾರಣವು ಬೇರೆ: ಕಾವೇರಿಯ ಮೇಕೆದಾಟುವಿನಲ್ಲಿರುವ ಗುಂಡಿಗಳನ್ನು ಸುಳಿಯಲ್ಲಿ ಸಿಕ್ಕಿ ತಿರುಗಿದ ಕಲ್ಲುಗಳು ಕೊರೆದಿರುವುವು.

ಅಗ್ನಿಶಿಲೆಗಳಲ್ಲಿ ಮೂರನೆಯ ಬಗೆಯುಂಟು. ಕರಗಿದ ಶಿಲಾರಸದೊಳಗಿನ ಅನಿಲವು ಗುಳ್ಳೆಗಟ್ಟಿದಾಗಲೇ ರಸವು ಹೆಪ್ಪಾದರೆ ರಂಧ್ರಗಳು ಉಳಿಯುವುವು. ಬೆಳಗಾವಿ, ವಿಜಯಪುರಗಳ ಕರಿಯ ಬಸಾಲ್ಟ್ ಶಿಲೆಯಲ್ಲಿ ಇವು ಬರಿದಾಗಿಯೋ ಹರಳು ತುಂಬಿಯೋ ಕಾಣುವುವು. ಚಿನ್ನದ ಗಣಿಗಳಿರುವ ಕರಿಶಿಲೆಯೂ ಮೂಲತಃ ಶಿಲಾರಸವೇ; ಸುಮಾರು 270 ಕೋಟಿ ವರ್ಷಗಳ ಹಿಂದೆ ಅದು ನೀರಿನಡಿಯಲ್ಲಿ ಉಕ್ಕಿತೆಂಬುದಕ್ಕೆ ಪೆದ್ದಪಲ್ಲಿಯ ದಿಂಬಿನಾಕಾರದ ಶಿಲೆಗಳು ಸಾಕ್ಷಿ. ಆದರೆ ತರುವಾಯದ ತಾಪ ಒತ್ತಡಗಳಿಂದ ಅದು ರೂಪಾಂತರ ಹೊಂದಿರುವುದರಿಂದ, ಅಲ್ಲಿನ ಪ್ರತಿಯೊಂದು ಗುಳಿಗೂ ಅನಿಲವೇ ಕಾರಣವೆನ್ನುವುದು ಯುಕ್ತವಲ್ಲ.

ಇನ್ನು ಒರಳಿನ ಮಾತು. 1802ರಲ್ಲಿ ವಾರೆನ್ ಎಂಬ ಸೈನ್ಯಾಧಿಕಾರಿಯು ಮಾರಿಕುಪ್ಪದಲ್ಲಿ ಹೆಂಗಸರು ಅದಿರನ್ನು ಕಲ್ಲಿನ ಮೇಲೆ ಪುಡಿಮಾಡಿ ತೊಳೆಯುವುದನ್ನು ಕಂಡನು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಪ್ರಾಚೀನರು ಅದಿರು ಕುಟ್ಟಿ ಸವೆಸಿದ ಗುಳಿಗಳು ಬಂಡೆಗಳ ಮೇಲೆಯೇ ಇರುವುವು.

ಲಕ್ಷಣಗಳಿಂದ ಇವೆರಡನ್ನೂ ವಿಂಗಡಿಸಬಹುದು. ದೊಣೆಯು ಸಾಮಾನ್ಯವಾಗಿ ಅಗಲವಾಗಿ, ಚಪ್ಪಟೆ ತಳದಿಂದಲೂ ವಕ್ರವಾದ ಅಂಚಿನಿಂದಲೂ ಕೂಡಿದ್ದು, ಒರಟಾಗಿರುವುದು. ಅನೇಕವೇಳೆ ನೀರು ಹೊರಬೀಳುವ ಕೊರಕಲೂ ಇರುವುದು. ಒರಳಾದರೋ ದುಂಡಾಗಿ, ತಳದತ್ತ ಕಿರಿದಾಗುತ್ತ, ಸವೆತದಿಂದ ನುಣುಪಾಗಿರುವುದು. ಸ್ಥಳಪುರಾಣವು ಇಂಥ ತಗ್ಗನ್ನು ಭೀಮನ ಹೆಜ್ಜೆಯೆಂದಾಗ ಅದನ್ನು ಹಳಿಯಬೇಕಾದುದಿಲ್ಲ. ಆ ತಗ್ಗು ಮನುಷ್ಯಕೃತವಲ್ಲವೆಂಬ ತಿಳಿವಳಿಕೆಯೇ ಆ ಕಥೆಯಲ್ಲಡಗಿರುವುದು. ನಾಡವರು ದೊಣೆಯೆಂದುದನ್ನು ದೊಣೆಯೆಂದೇ ಬರೆದಿಡುವುದು ಶೋಧಕರ ಮೊದಲ ಕರ್ತವ್ಯ.