ರಾಸಾಯನಿಕ ಸಮತೋಲನದ ಮೇಲೆ ಉಷ್ಣತೆಯ ಪ್ರಭಾವ

ಮುಚ್ಚಿದ ಪಾತ್ರೆಯೊಂದರಲ್ಲಿ ಸಾರಜನಕ, ಜಲಜನಕಗಳು ಕೂಡಿ ಅಮೋನಿಯಾ ಉಂಟಾಗುವಾಗ, ಹಾಗೆ ಉಂಟಾದ ಅಮೋನಿಯಾ ಮರಳಿ ಒಡೆದು ಮೂಲವಸ್ತುಗಳಾಗುತ್ತಲೂ ಇರುತ್ತದೆ. ಕೂಡುವ ವೇಗವೂ ಒಡೆಯುವ ವೇಗವೂ ಸಮನಾದಾಗ ಕ್ರಿಯೆ ನಿಂತಂತೆ ತೋರುವುದು. ವಾಸ್ತವವಾಗಿ ಎರಡೂ ನಡೆದೇ ಇರುತ್ತವೆ. ಈ ಸ್ಥಿತಿಯೇ ರಾಸಾಯನಿಕ ಸಮತೋಲನ.

ಇದರ ಮೇಲೆ ಉಷ್ಣತೆಯ ಪ್ರಭಾವವೇನೆಂಬುದನ್ನು ಹಾಲೆಂಡಿನ ವಾಂಟ್ ಹಾಫ್ 1884ರಲ್ಲಿ ನಿರೂಪಿಸಿದನು. ಅದೇ ವರ್ಷ ಫ್ರಾನ್ಸಿನ ಲ ಶಾತೆಲಿಯೇ ಅದನ್ನು ವ್ಯಾಪಕವಾದ ನಿಯಮವಾಗಿ ವಿಸ್ತರಿಸಿದನು. ಉಷ್ಣತೆಯನ್ನು ಏರಿಸಿದರೆ ಸಮತೋಲನವು ಶಾಖವನ್ನು ಹೀರುವ ಕ್ರಿಯೆಯ ಕಡೆಗೂ, ಇಳಿಸಿದರೆ ಶಾಖವನ್ನು ಹೊರಸೂಸುವ ಕ್ರಿಯೆಯ ಕಡೆಗೂ ಸರಿಯುವುದೆಂಬುದೇ ಅದರ ತಾತ್ಪರ್ಯ. ಕಾರಣವೂ ಸ್ಪಷ್ಟವಾಗಿದೆ. ಉಷ್ಣತೆ ಏರಿದಾಗ ಎರಡು ದಿಕ್ಕಿನ ವೇಗಗಳೂ ಹೆಚ್ಚುತ್ತವೆ, ಆದರೆ ಸಮನಾಗಿ ಅಲ್ಲ. ಶಾಖವನ್ನು ಹೀರುವ ಕ್ರಿಯೆಗೆ ಹೆಚ್ಚಿನ ಶಕ್ತಿ ಬೇಕಾದುದರಿಂದ ಅದರ ವೇಗವೇ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಪದಾರ್ಥಗಳ ಪ್ರಮಾಣವನ್ನು ಬದಲಿಸಿದರೆ ಸಮತೋಲನದ ನೆಲೆ ಕದಲುತ್ತದೆಯೇ ಹೊರತು ಅದನ್ನಳೆಯುವ ಸ್ಥಿರಾಂಕ ಬದಲಾಗದು. ಉಷ್ಣತೆಯಾದರೋ ಆ ಸ್ಥಿರಾಂಕವನ್ನೇ ಬದಲಿಸುತ್ತದೆ.

ಅಮೋನಿಯಾದ ಸಂಶ್ಲೇಷಣೆಯಲ್ಲಿ ಈ ನಿಯಮ ಕಠಿಣ ಸಮಸ್ಯೆಯೊಂದನ್ನು ಒಡ್ಡಿತು. ಒಂದು ಗ್ರಾಂ-ಅಣು ಸಾರಜನಕ ಅಮೋನಿಯಾ ಆಗುವಾಗ ಸುಮಾರು 92 ಕಿಲೊಜೂಲ್ ಶಾಖ ಹೊರಬೀಳುತ್ತದೆ. ಆದಕಾರಣ ಅಧಿಕ ಉಷ್ಣತೆ ಈ ಕ್ರಿಯೆಗೆ ಪ್ರತಿಕೂಲ. ವಾಯುಮಂಡಲದ 200 ಪಟ್ಟು ಒತ್ತಡದಲ್ಲಿ, 300 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಮತೋಲನ ಮಿಶ್ರಣದ ಸುಮಾರು ಶೇಕಡ 60ಕ್ಕೂ ಮಿಕ್ಕಿ ಅಮೋನಿಯಾ ಇರುತ್ತದೆ. 500 ಡಿಗ್ರಿಯಲ್ಲಿ ಐದನೆಯ ಒಂದು ಪಾಲೂ ಇರುವುದಿಲ್ಲ. ಹಾಗೆಂದು ಉಷ್ಣತೆಯನ್ನು ತೀರ ತಗ್ಗಿಸಿದರೆ, ಬಿಗಿದು ಬಂಧಿತವಾದ ಸಾರಜನಕದ ಅಣು ಒಡೆಯದೆ ಕ್ರಿಯೆಯೇ ಸಾಗದು. ಫಲ ಹೆಚ್ಚಿದ್ದೆಡೆ ವೇಗವಿಲ್ಲ, ವೇಗವಿದ್ದೆಡೆ ಫಲವಿಲ್ಲ.

1901ರಲ್ಲಿ ಲ ಶಾತೆಲಿಯೇ ತಾನೇ ಈ ಸಂಶ್ಲೇಷಣೆಗೆ ಕೈಹಾಕಿ, ಪ್ರಯೋಗದಲ್ಲಿ ಸ್ಫೋಟವುಂಟಾದುದರಿಂದ ಅದನ್ನು ಕೈಬಿಟ್ಟನು. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಯಶಸ್ವಿಯಾದನು. ಅವನು ಅಧಿಕ ಒತ್ತಡವನ್ನೂ ವೇಗವರ್ಧಕವನ್ನೂ ಬಳಸಿದನು. ವೇಗವರ್ಧಕವು ಸಮತೋಲನವನ್ನು ಕದಲಿಸಲಾರದು. ಆದರೆ ಕಡಮೆ ಉಷ್ಣತೆಯಲ್ಲಿಯೇ ಬೇಗನೆ ಅದನ್ನು ಮುಟ್ಟಿಸಬಲ್ಲದು. ಇಷ್ಟಾದರೂ ದೊರೆಯುವ ಅಮೋನಿಯಾ ಅಲ್ಪವೇ. ಅದನ್ನು ತಣಿಸಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಮತ್ತೆ ಹಾಯಿಸಲಾಯಿತು. ಕಾರ್ಲ್ ಬಾಷ್ ಇದನ್ನು ಉದ್ಯಮವಾಗಿ ಬೆಳೆಸಿದನು. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. ಇಂದಿಗೂ ಸಾಮಾನ್ಯವಾಗಿ 400ರಿಂದ 500 ಡಿಗ್ರಿಯ ನಡುವೆ, ಕಬ್ಬಿಣವನ್ನು ವೇಗವರ್ಧಕವಾಗಿ ಇಟ್ಟುಕೊಂಡು ಈ ಕಾರ್ಯ ನಡೆಯುತ್ತದೆ.

ಮೈಸೂರಿನ ಬಳಿಯ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮುನ್ನವೇ ಅಮೋನಿಯಾ ತಯಾರಾದುದೂ ಈ ತತ್ತ್ವದ ಬಲದಿಂದಲೇ. ಹೊಲಕ್ಕೆ ಗೊಬ್ಬರವನ್ನು ಕೊಟ್ಟ ಇದೇ ಕ್ರಿಯೆ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸಿಡಿಮದ್ದಿಗೂ ಮೂಲವಸ್ತುವನ್ನು ಒದಗಿಸಿತು. ಪ್ರಕೃತಿಯ ನಿಯಮವನ್ನು ಮೀರುವುದು ಮಾನವನಿಗೆ ಸಾಧ್ಯವಿಲ್ಲ. ಅದನ್ನರಿತು ಅದರೊಡನೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯ. ಆ ಒಪ್ಪಂದದ ಫಲವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಮಾತ್ರ ಯಾವ ಸ್ಥಿರಾಂಕವೂ ನಿರ್ಣಯಿಸದು.